ಪೊಲೀಸನಿಂದ ತಪ್ಪಿಸಿಕೊಂಡು ಪಟಾಲಂಗೆ ಬಿದ್ದವರು

ಪ್ರಶ್ನೆ: ನಮ್ಮ ತಂದೆ ಚಿಕ್ಕಂದಿನಲ್ಲಿ ನೋಡಿದ ಒಂದು ಇಂಗ್ಲಿಷ್ ಹಾಸ್ಯಚಿತ್ರದ ಕತೆಯನ್ನು ಆಗಾಗ ಹೇಳುತ್ತಿರುತ್ತಾರೆ. ಕಪ್ಪು-ಬಿಳುಪು ಚಿತ್ರ. ಬೀದಿ ಬದಿಯಲ್ಲಿ ಏನೋ ಮಾರುವ ಇಬ್ಬರು, ಒಬ್ಬ ಉದ್ದ, ಇನ್ನೊಬ್ಬ ಗುಂಡ, ಪೊಲೀಸನಿಗೆ ಹೆದರಿ ಸಿನಿಮಾ ಟಾಕೀಸಿಗೆ ನುಗ್ಗುತ್ತಾರಂತೆ. ಅಲ್ಲಿ ಯಾವುದೋ ಕಾಗದಕ್ಕೆ ಸಹಿ ಹಾಕಿ ಸೈನ್ಯಕ್ಕೆ ಸೇರಿಬಿಡುತ್ತಾರಂತೆ. ಲಾರೆಲ್-ಹಾರ್ಡಿ ಇರಬೇಕು ಅಂತ ಹುಡುಕಿದೆ, ಸಿಗಲಿಲ್ಲ. ಇದು ಯಾವ ಚಿತ್ರ? ಯುದ್ಧದ ಕಾಲದಲ್ಲಿ ಸೈನ್ಯವನ್ನೇ ಗೇಲಿ ಮಾಡಲು ಹೇಗೆ ಬಿಟ್ಟರು? ಅಥವಾ ಅದೂ ಸೈನ್ಯದ ಪ್ರಚಾರವೇ ಆಗಿತ್ತಾ? 14 ವರ್ಷದ ಮಗನ ಜೊತೆ ಕೂತು ನೋಡಬಹುದಾ?

ಉತ್ತರ: ನಿಮ್ಮ ತಂದೆ ಹೇಳುತ್ತಿರುವುದು ‘ಬಕ್ ಪ್ರೈವೇಟ್ಸ್’ ಚಿತ್ರದ ಕತೆ. ಅನುಮಾನವೇ ಬೇಡ. ಯೂನಿವರ್ಸಲ್ ಕಂಪನಿ ಇದನ್ನು 1941ರ ಜನವರಿ ಕೊನೆಯಲ್ಲಿ ಬಿಡುಗಡೆ ಮಾಡಿತು. ನಿರ್ದೇಶಕ ಆರ್ಥರ್ ಲೂಬಿನ್. ಆ ಉದ್ದನೆಯವನು ಬಡ್ ಆಬಟ್, ಗುಂಡನೆಯವನು ಲೂ ಕಾಸ್ಟೆಲೊ. ಲಾರೆಲ್-ಹಾರ್ಡಿ ಅಂದುಕೊಂಡಿದ್ದೂ ಸಹಜವೇ. ಅದೇ ವರ್ಷ ಅವರದ್ದೂ ‘ಗ್ರೇಟ್ ಗನ್ಸ್’ ಅಂತ ಒಂದು ಸೈನ್ಯದ ಹಾಸ್ಯಚಿತ್ರ ಬಂತು. ಆದರೆ ಅದರಲ್ಲಿ ಅವರು ಶ್ರೀಮಂತರ ಮನೆಯ ಆಳುಗಳು. ಯಜಮಾನನ ಹುಡುಗನಿಗೆ ಸೈನ್ಯದ ಕರೆ ಬಂದಾಗ ಅವನನ್ನು ನೋಡಿಕೊಳ್ಳಲು ತಾವೂ ಹಿಂದೆ ಹೋಗುತ್ತಾರೆ. ಪೊಲೀಸನೂ ಇಲ್ಲ, ಟಾಕೀಸೂ ಇಲ್ಲ.

‘ಬಕ್ ಪ್ರೈವೇಟ್ಸ್’ನಲ್ಲಿ ಆ ಇಬ್ಬರ ಹೆಸರು ಸ್ಲಿಕರ್ ಸ್ಮಿತ್ (ಆಬಟ್) ಮತ್ತು ಹರ್ಬಿ ಬ್ರೌನ್ (ಕಾಸ್ಟೆಲೊ). ಮಾರುವುದು ನೆಕ್‌ಟೈ. ಪರವಾನಗಿ ಇಲ್ಲದ ವ್ಯಾಪಾರ, ಪೊಲೀಸ್ ಬೆನ್ನು ಹತ್ತುತ್ತಾನೆ. ಅವರು ನುಗ್ಗುವ ಟಾಕೀಸು ಆಗಲೇ ಸೈನ್ಯದ ಭರ್ತಿ ಕೇಂದ್ರವಾಗಿದೆ. ಇವರಿಗದು ಗೊತ್ತಿಲ್ಲ. ಬಹುಮಾನದ ಚೀಟಿ ಅಂದುಕೊಂಡು ಸಹಿ ಹಾಕುತ್ತಾರೆ. ಶಿಬಿರಕ್ಕೆ ಹೋದರೆ ಅಲ್ಲಿ ಸಾರ್ಜೆಂಟ್ ಆಗಿ ಎದುರು ನಿಂತವನು ಅದೇ ಪೊಲೀಸ್! ಆ ಪಾತ್ರ ಮಾಡಿದ ನ್ಯಾಟ್ ಪೆಂಡಲ್ಟನ್ ನಿಜವಾದ ಕುಸ್ತಿ ಪಟು, 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪದಕ ಗೆದ್ದವನು. ಅವನ ಪಕ್ಕದಲ್ಲಿ ಕಾಸ್ಟೆಲೊ ನಿಂತಾಗ ಡೈಲಾಗ್ ಇಲ್ಲದೆಯೂ ನಗು ಬರುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಇಲ್ಲಿ ಒಂದು ಸಣ್ಣ ತಿದ್ದುಪಡಿ. ಈ ಚಿತ್ರ ಬಂದಾಗ ಅಮೆರಿಕ ಯುದ್ಧದಲ್ಲಿ ಇರಲೇ ಇಲ್ಲ. ಯುರೋಪ್ ಹೊತ್ತಿ ಉರಿಯುತ್ತಿತ್ತು, ಫ್ರಾನ್ಸ್ ಸೋತಾಗಿತ್ತು, ಲಂಡನ್ ಮೇಲೆ ಬಾಂಬ್ ಬೀಳುತ್ತಿತ್ತು. ಅಮೆರಿಕ ಮಾತ್ರ ಇನ್ನೂ ಹೊರಗೆ ನಿಂತಿತ್ತು. ಪರ್ಲ್ ಹಾರ್ಬರ್ ಮೇಲೆ ದಾಳಿಯಾಗಿ ಯುದ್ಧಕ್ಕೆ ಇಳಿಯುವುದು 1941ರ ಡಿಸೆಂಬರ್ 7ರ ನಂತರ. ಅಂದರೆ ಸಿನಿಮಾ ತೆರೆಗೆ ಬಂದು ಹತ್ತು ತಿಂಗಳು ಕಳೆದ ಮೇಲೆ. ಈ ಅಂತರವನ್ನು ಮರೆತು ನೋಡಿದರೆ ಚಿತ್ರದ ಅರ್ಧ ವಿಷಯ ಕೈತಪ್ಪುತ್ತದೆ.

ಯುದ್ಧ ಬಂದಿರಲಿಲ್ಲ, ನಿಜ. ಆದರೆ ಡ್ರಾಫ್ಟ್ ಬಂದಿತ್ತು. ಅಧ್ಯಕ್ಷ ರೂಸ್‌ವೆಲ್ಟ್ 1940ರ ಸೆಪ್ಟೆಂಬರ್ 16ರಂದು ಕಡ್ಡಾಯ ಸೈನ್ಯ ಭರ್ತಿಯ ಕಾನೂನಿಗೆ ಸಹಿ ಹಾಕಿದರು. ಶಾಂತಿಕಾಲದಲ್ಲಿ ಅಮೆರಿಕ ಇಂಥ ಕಾನೂನು ಮಾಡಿದ್ದು ಅದೇ ಮೊದಲು. 21ರಿಂದ 35 ವರ್ಷದ ಗಂಡಸರೆಲ್ಲ ಹೆಸರು ಬರೆಸಬೇಕು. ಅಕ್ಟೋಬರ್ 16ರಂದು ಒಂದೇ ದಿನ ಸುಮಾರು 1.6 ಕೋಟಿ ಜನ ಬರೆಸಿದರು. ಆಮೇಲೆ ಲಾಟರಿ. ಅಕ್ಟೋಬರ್ 29ರಂದು ವಾಷಿಂಗ್ಟನ್‌ನಲ್ಲಿ ಯುದ್ಧ ಸಚಿವ ಹೆನ್ರಿ ಸ್ಟಿಮ್ಸನ್ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗಾಜಿನ ಬೋಗುಣಿಯಿಂದ ಮೊದಲ ಚೀಟಿ ಎತ್ತಿದರು. ಬಂದ ಸಂಖ್ಯೆ 158. ಪ್ರತಿ ಊರಿನ ಭರ್ತಿ ಮಂಡಳಿಯೂ ತನ್ನದೇ ಪಟ್ಟಿ ಇಟ್ಟುಕೊಂಡಿದ್ದರಿಂದ ದೇಶದಲ್ಲಿ ಸಾವಿರಾರು ಜನರ ಹತ್ತಿರ ಅದೇ 158 ಇತ್ತು. ಅವರಿಗೆಲ್ಲ ಒಟ್ಟಿಗೆ ಕರೆ. ಒಂದು ವರ್ಷದ ಸೇವೆ. ಶುರುವಿನ ಸಂಬಳ ತಿಂಗಳಿಗೆ 21 ಡಾಲರ್.

ಇದು ನಮಗೆ ಸುಲಭವಾಗಿ ಮನಸ್ಸಿಗೆ ಇಳಿಯುವುದಿಲ್ಲ. ಭಾರತದ ಸೈನ್ಯಕ್ಕೆ ಜನ ಸೇರುವುದು ಇಷ್ಟಪಟ್ಟು, ಪರೀಕ್ಷೆ ಬರೆದು, ಓಟ ಓಡಿ. ಎರಡನೇ ಮಹಾಯುದ್ಧದಲ್ಲಿ ಹೋದ ಸುಮಾರು 25 ಲಕ್ಷ ಭಾರತೀಯ ಸೈನಿಕರೂ ಲಾಟರಿಯಲ್ಲಿ ಆರಿಸಿ ಬಂದವರಲ್ಲ. ಕೊಡಗಿನಂಥ ಕಡೆ ಪಟಾಲಂ ಸೇರುವುದೇ ಮನೆತನದ ಹೆಮ್ಮೆ. ಹಾಗಾಗಿ ‘ನನ್ನ ನಂಬರ್ ಬಂದುಬಿಟ್ಟರೆ?’ ಎಂಬ ಹೆದರಿಕೆ ನಮಗೆ ಗೊತ್ತಿಲ್ಲ. ಅಮೆರಿಕದಲ್ಲಿ ನೆಲೆಸಿದ ನಮ್ಮ ಕನ್ನಡದ ಮನೆಗಳಿಗೆ ಇದರ ಒಂದು ಎಳೆ ಗೊತ್ತಿರುತ್ತದೆ. ಡ್ರಾಫ್ಟ್ 1973ರಲ್ಲೇ ನಿಂತಿದೆ, ಆದರೆ ಮಗನಿಗೆ 18 ತುಂಬಿದರೆ ಅವನ ಹೆಸರು ಆ ಪಟ್ಟಿಯಲ್ಲಿ ಇರಬೇಕು ಎಂಬ ಕಾನೂನು ಅಲ್ಲಿ ಇನ್ನೂ ಇದೆ. ಪೌರತ್ವ ಇಲ್ಲದೆ ಗ್ರೀನ್ ಕಾರ್ಡ್ ಮಾತ್ರ ಇದ್ದರೂ ಅಷ್ಟೇ.

1941ರ ಪ್ರೇಕ್ಷಕನಿಗೆ ಈ ಹೆದರಿಕೆ ದಿನನಿತ್ಯದ ಮಾತಾಗಿತ್ತು. ಪಕ್ಕದ ಸೀಟಿನಲ್ಲಿ ಕೂತ ಹುಡುಗ ಮುಂದಿನ ತಿಂಗಳು ಶಿಬಿರದಲ್ಲಿ ಇರಬಹುದು. ಅವನನ್ನು ನಗಿಸುವುದು ಹೇಗೆ? ಇಲ್ಲಿ ಹಾಲಿವುಡ್ ಒಂದು ಜಾಣ ಉಪಾಯ ಮಾಡಿತು. ನನಗೆ ಈ ಚಿತ್ರಗಳಲ್ಲಿ ತುಂಬಾ ಆಸಕ್ತಿ ಹುಟ್ಟಿಸುವುದು ಇದೇ. ಇವುಗಳಲ್ಲಿ ನಾಯಕ ಸೈನ್ಯಕ್ಕೆ ಬರುವುದು ಇಷ್ಟಪಟ್ಟೂ ಅಲ್ಲ, ಒತ್ತಾಯಕ್ಕೂ ಅಲ್ಲ. ತಪ್ಪಾಗಿ ಬರುತ್ತಾನೆ. ತಪ್ಪು ಬಾಗಿಲು, ತಪ್ಪು ಕಾಗದ, ತಪ್ಪು ಸಹಿ.

‘ಬಕ್ ಪ್ರೈವೇಟ್ಸ್’ಗಿಂತ ಮುಂಚೆ, 1930ರಲ್ಲಿ, ಬಸ್ಟರ್ ಕೀಟನ್ ‘ಡೋಬಾಯ್ಸ್’ ಮಾಡಿದ್ದ. ಅದರಲ್ಲಿ ಅವನು ಶ್ರೀಮಂತ. ಕಾರಿಗೆ ಡ್ರೈವರ್ ಬೇಕು ಅಂತ ಕೆಲಸದವರನ್ನು ಕೊಡಿಸುವ ಕಚೇರಿಗೆ ಹೋಗುತ್ತಾನೆ. ಅದು ಆಗಲೇ ಸೈನ್ಯದ ಭರ್ತಿ ಕಚೇರಿಯಾಗಿ ಬದಲಾಗಿದೆ. ಡ್ರೈವರ್ ಹುಡುಕಲು ಹೋದವನು ಸಿಪಾಯಿಯಾಗಿ ಹೊರಬರುತ್ತಾನೆ. ಹತ್ತು ವರ್ಷ ಕಳೆದ ಮೇಲೆ ಆಬಟ್-ಕಾಸ್ಟೆಲೊ ನುಗ್ಗಿದ್ದೂ ಇಂಥದ್ದೇ ಬಾಗಿಲಿಗೆ ಅಲ್ವಾ? ಇನ್ನು 1941ರ ಜುಲೈಯಲ್ಲಿ ಬಾಬ್ ಹೋಪ್ ನಟಿಸಿದ ‘ಕಾಟ್ ಇನ್ ದ ಡ್ರಾಫ್ಟ್’ ಬಂತು. ಇದರ ನಾಯಕ ಡಾನ್ ಬೋಲ್ಟನ್ ಒಬ್ಬ ಸಿನಿಮಾ ತಾರೆ. ಗುಂಡಿನ ಸದ್ದು ಕೇಳಿದರೆ ಎಚ್ಚರ ತಪ್ಪುವ ಪುಕ್ಕಲ. ಡ್ರಾಫ್ಟ್ ತಪ್ಪಿಸಲು ಮದುವೆಯಾಗಿಬಿಡೋಣ ಅಂತ ಹೊರಟರೆ, ಮನಸ್ಸು ಹೋಗುವುದು ಕರ್ನಲ್ ಒಬ್ಬರ ಮಗಳ ಮೇಲೆ. ಅವಳ ಮುಂದೆ ಶೂರನ ಹಾಗೆ ಕಾಣಬೇಕಲ್ಲ? ನಕಲಿ ಭರ್ತಿ ಅಧಿಕಾರಿಯನ್ನು ಗೊತ್ತುಮಾಡಿ ನಾಟಕ ಆಡುತ್ತಾನೆ. ನಾಟಕದ ಹೊತ್ತಿಗೆ ಅಸಲಿ ಅಧಿಕಾರಿ ಬಂದು ಕೂತಿರುತ್ತಾನೆ. ಪ್ರಮಾಣವಚನ ಮುಗಿದೇ ಹೋಗುತ್ತದೆ. ಜೊತೆಗೆ ಬಂದಿದ್ದ ಏಜೆಂಟೂ ಡ್ರೈವರೂ ಸಿಕ್ಕಿಬೀಳುತ್ತಾರೆ.

ಈ ತಪ್ಪು ಯಾಕೆ ಬೇಕಿತ್ತು? ‘ನಾನು ಬರುವುದಿಲ್ಲ’ ಅಂತ ನೆಟ್ಟಗೆ ಹೇಳುವ ನಾಯಕನನ್ನು ಆಗ ತೆರೆಯ ಮೇಲೆ ತೋರಿಸಲು ಯಾರಿಗೂ ಧೈರ್ಯ ಇರಲಿಲ್ಲ. ‘ಬಾ’ ಅಂದ ಕೂಡಲೇ ಎದೆ ತಟ್ಟಿ ಹೋಗುವವನನ್ನು ತೋರಿಸಿದರೆ ನಗು ಹುಟ್ಟುವುದಿಲ್ಲ. ತಪ್ಪಾಗಿ ಬಂದವನು ಎರಡೂ ಕಡೆಗೆ ಸಲ್ಲುತ್ತಾನೆ. ಪ್ರೇಕ್ಷಕ ತನ್ನ ಒಳಗಿನ ಒಲ್ಲದ ಮನಸ್ಸನ್ನು ಅವನಲ್ಲಿ ನೋಡಿ ನಗಬಹುದು. ಸರ್ಕಾರಕ್ಕೂ ತಕರಾರಿಲ್ಲ, ಯಾಕೆಂದರೆ ಅವನು ಯಾವುದನ್ನೂ ನಿರಾಕರಿಸಿಲ್ಲ.

ಹಾಗಾದರೆ ನಿಜವಾಗಿ ಒಲ್ಲೆ ಅನ್ನುವವನು ‘ಬಕ್ ಪ್ರೈವೇಟ್ಸ್’ನಲ್ಲಿ ಇಲ್ಲವಾ? ಇದ್ದಾನೆ. ರ‍್ಯಾಂಡಾಲ್ಫ್ ಪಾರ್ಕರ್ ಅಂತ ಒಬ್ಬ ಶ್ರೀಮಂತರ ಮನೆಯ ಹುಡುಗ, ಲೀ ಬೋಮನ್ ಮಾಡಿದ ಪಾತ್ರ. ಅಪ್ಪನ ವಶೀಲಿ ಹಚ್ಚಿ ಹೊರಬರಬಹುದು ಅಂದುಕೊಂಡಿರುತ್ತಾನೆ. ಅಪ್ಪನೇ ‘ಸೈನ್ಯದಲ್ಲಿದ್ದರೆ ಒಂದಿಷ್ಟು ಬುದ್ಧಿ ಬಂದೀತು’ ಅಂತ ಕೈ ಬಿಡುತ್ತಾನೆ. ಅದೇ ಶಿಬಿರಕ್ಕೆ ಇವನ ಮನೆಯಲ್ಲಿ ಕೆಲಸಕ್ಕಿದ್ದ ಬಾಬ್ ಕೂಡ ಸಿಪಾಯಿಯಾಗಿ ಬಂದಿರುತ್ತಾನೆ. ನಿನ್ನೆಯ ಯಜಮಾನನೂ ಆಳೂ ಇವತ್ತು ಒಂದೇ ಸಾಲಿನಲ್ಲಿ, ಒಂದೇ ಸಂಬಳಕ್ಕೆ. ಇಬ್ಬರಿಗೂ ಒಬ್ಬಳೇ ಹುಡುಗಿಯ ಮೇಲೆ ಕಣ್ಣು. ಗುಂಡು ಹೊಡೆಯುವ ಸ್ಪರ್ಧೆಗೆ ಚಕ್ಕರ್ ಹಾಕಿ ರ‍್ಯಾಂಡಾಲ್ಫ್ ತನ್ನ ಕಂಪನಿ ಸೋಲುವಂತೆ ಮಾಡುತ್ತಾನೆ. ಕೊನೆಗೆ ಅಣಕು ಯುದ್ಧದಲ್ಲಿ ಬಾಬ್‌ನನ್ನು ಕಾಪಾಡಿ ಎಲ್ಲರ ಮೆಚ್ಚುಗೆ ಪಡೆಯುತ್ತಾನೆ.

ನಿಜ ಹೇಳಬೇಕೆಂದರೆ ಈ ಭಾಗ ಸಪ್ಪೆ. ನಿಮ್ಮ ತಂದೆಗೂ ಇದು ನೆನಪಿಲ್ಲ ನೋಡಿ, ನಿಮ್ಮ ಪ್ರಶ್ನೆಯಲ್ಲಿ ಅದರ ಸುದ್ದಿಯೇ ಇಲ್ಲ. ಆದರೆ ಚಿತ್ರದ ರಾಜಕೀಯ ಇರುವುದು ಈ ಸಪ್ಪೆ ಭಾಗದಲ್ಲೇ. ಸೈನ್ಯಕ್ಕೆ ಬರಲು ಒಲ್ಲದವನು ಅಂದರೆ ಸೊಕ್ಕಿನ ಶ್ರೀಮಂತ, ಅವನನ್ನು ಸೈನ್ಯ ಮನುಷ್ಯನನ್ನಾಗಿ ಮಾಡುತ್ತದೆ ಅನ್ನುವುದು ಅದರ ವಾದ. ಹೆಂಡತಿ-ಮಕ್ಕಳನ್ನು ಬಿಟ್ಟು ಹೋಗಲಾರದವನು, ಕೊಲ್ಲುವುದು ತಪ್ಪು ಅಂತ ನಂಬಿದವನು, ಯುರೋಪಿನ ಜಗಳ ನಮಗ್ಯಾಕೆ ಅನ್ನುವವನು ಇವರ‍್ಯಾರೂ ಈ ಶಿಬಿರದಲ್ಲಿ ಇಲ್ಲ. ಪ್ರಚಾರವೇ ಅಂತ ಕೇಳಿದ್ದೀರಿ. ಹೌದು, ಪ್ರಚಾರವೇ. ಆದರೆ ಅದನ್ನು ಕಾಮಿಡಿ ಜೋಡಿಯ ತಲೆಗೆ ಕಟ್ಟದೆ ಪ್ರೇಮಕತೆಯ ಜೇಬಿನಲ್ಲಿ ಇಟ್ಟಿದ್ದಾರೆ. ಆಬಟ್-ಕಾಸ್ಟೆಲೊ ಕೊನೆಯವರೆಗೂ ಒಂದಿಷ್ಟೂ ಸುಧಾರಿಸುವುದಿಲ್ಲ. ಚಿತ್ರ ಇವತ್ತಿಗೂ ಉಳಿದಿರುವುದು ಅದಕ್ಕೇ.

ಈ ಜೋಡಿ ಬಂದದ್ದು ಬರ್ಲೆಸ್ಕ್ ರಂಗಭೂಮಿಯಿಂದ. ಅಲ್ಲಿ ಕತೆ ಮುಖ್ಯ ಅಲ್ಲ, ಐದು ಹತ್ತು ನಿಮಿಷದ ಮಾತಿನ ಪ್ರಸಂಗಗಳು ಮುಖ್ಯ. ವರ್ಷಗಟ್ಟಲೆ ಆಡಿ ಆಡಿ ಪಳಗಿದ ಪ್ರಸಂಗಗಳು. 1938ರಿಂದ ರೇಡಿಯೊದಲ್ಲೂ ಅದನ್ನೇ ಮಾಡಿ ಹೆಸರು ಗಳಿಸಿದ್ದರು. ‘ಬಕ್ ಪ್ರೈವೇಟ್ಸ್’ ಅವರ ಎರಡನೇ ಚಿತ್ರ, ಅವರೇ ಮುಖ್ಯವಾದ ಮೊದಲ ಚಿತ್ರ. ಕಂಪನಿಗೂ ಕತೆಗಿಂತ ಆ ಪ್ರಸಂಗಗಳೇ ಬೇಕಾಗಿದ್ದವು. ಹಾಗಾಗಿ ಚಿತ್ರದುದ್ದಕ್ಕೂ ಕತೆ ಆಗಾಗ ಪಕ್ಕಕ್ಕೆ ಸರಿದು ಇವರಿಗೆ ಜಾಗ ಬಿಡುತ್ತದೆ. ನಮ್ಮ ಕಂಪನಿ ನಾಟಕಗಳಲ್ಲಿ ಪರದೆ ಬದಲಿಸುವ ಹೊತ್ತಿಗೆ ಹಾಸ್ಯದ ಜೋಡಿ ಬಂದು ರಂಗ ಹಿಡಿಯುತ್ತದಲ್ಲ, ಹಾಗೆ.

ಸಾಲದ ಪ್ರಸಂಗ ಕೇಳಿ. ಆಬಟ್ 50 ಡಾಲರ್ ಸಾಲ ಕೇಳುತ್ತಾನೆ. ಕಾಸ್ಟೆಲೊ ಹತ್ತಿರ ಇರುವುದು 40. ‘ಸರಿ, 40 ಕೊಡು, ಇನ್ನು 10 ನೀನು ನನಗೆ ಬಾಕಿ’ ಅನ್ನುತ್ತಾನೆ ಆಬಟ್. ಕಾಸ್ಟೆಲೊ ತಲೆ ಆಡಿಸುತ್ತಾನೆ. ಆಮೇಲೆ ಏನೋ ಎಡವಟ್ಟಾಗಿದೆ ಅಂತ ಹೊಳೆಯುತ್ತದೆ. ಕೊಟ್ಟದ್ದನ್ನು ವಾಪಸ್ ಕೇಳುತ್ತಾನೆ. ಆಬಟ್ ಧಾರಾಳವಾಗಿ ವಾಪಸ್ ಕೊಟ್ಟು, ‘ಈಗ ನನ್ನ 10 ಕೊಡು’ ಅನ್ನುತ್ತಾನೆ. ಲೆಕ್ಕ ಸರಿಮಾಡಲು ಹೋದಷ್ಟೂ ಕಾಸ್ಟೆಲೊ ಜೇಬು ಬರಿದಾಗುತ್ತಾ ಹೋಗುತ್ತದೆ. ಇದಕ್ಕೆ ಇಂಗ್ಲಿಷ್ ಜಾಸ್ತಿ ಬೇಕಿಲ್ಲ, ಕೂಡು-ಕಳೆ ಗೊತ್ತಿದ್ದರೆ ಸಾಕು. ಜೂಜಿನ ಪ್ರಸಂಗ ಇದರ ತಿರುಗುಮುರುಗು. ದಾಳದಾಟ ಗೊತ್ತೇ ಇಲ್ಲ ಅನ್ನುವ ಹರ್ಬಿ, ಆಟ ಶುರುವಾದ ಮೇಲೆ ಪಳಗಿದ ಜೂಜುಕೋರರ ಭಾಷೆಯನ್ನೇ ಆಡುತ್ತಾನೆ. ಎಲ್ಲಿಂದ ಕಲಿತೆ ಅಂದರೆ ಮುಖ ಮುಗ್ಧವಾಗುತ್ತದೆ.

ಎಲ್ಲಕ್ಕಿಂತ ಮೇಲೆ ಕವಾಯತಿನ ದೃಶ್ಯ. ಆಬಟ್ ನಾಲ್ಕೈದು ಹೊಸ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸುತ್ತಾನೆ, ಅದರಲ್ಲಿ ಒಬ್ಬ ಕಾಸ್ಟೆಲೊ. ಎಡಕ್ಕೆ ಅಂದರೆ ಬಲಕ್ಕೆ ತಿರುಗುವುದು ಯಾರಾದರೂ ಮಾಡಬಹುದಾದ ತಮಾಷೆ. ಕಾಸ್ಟೆಲೊ ಮಾಡುವುದು ಬೇರೆ. ಅವನು ನಿಜವಾಗಿ ಸರಿಯಾಗಿ ಮಾಡಲು ಒದ್ದಾಡುತ್ತಾನೆ. ಪಕ್ಕದವನನ್ನು ಓರೆಗಣ್ಣಿನಲ್ಲಿ ನೋಡುತ್ತಾನೆ. ಅರ್ಧ ಕ್ಷಣ ತಡವಾಗಿ ತಿರುಗುತ್ತಾನೆ. ಬಂದೂಕು ಎಲ್ಲರದ್ದೂ ಒಂದು ಕಡೆ, ಇವನದ್ದು ಇನ್ನೊಂದು ಕಡೆ. ಆಬಟ್‌ನ ಸಿಟ್ಟೂ ನಟನೆ ಅನ್ನಿಸುವುದಿಲ್ಲ. ಈ ಜೋಡಿಯಲ್ಲಿ ಜನ ಯಾವಾಗಲೂ ಕಾಸ್ಟೆಲೊನನ್ನೇ ಹೊಗಳುತ್ತಾರೆ. ನನ್ನ ಮಟ್ಟಿಗೆ ಆಬಟ್ ಇಲ್ಲದಿದ್ದರೆ ಆ ದೃಶ್ಯವೇ ಇಲ್ಲ. ಟೈಮಿಂಗ್ ಪೂರ್ತಿ ಅವನ ಕೈಯಲ್ಲಿದೆ.

ಹಾಡಿನ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಆಂಡ್ರೂಸ್ ಸಿಸ್ಟರ್ಸ್, ಅಂದರೆ ಪ್ಯಾಟಿ, ಮ್ಯಾಕ್ಸೀನ್, ಲವರ್ನ್ ಎಂಬ ಮೂವರು ಅಕ್ಕತಂಗಿಯರು, ಇದರಲ್ಲಿ ‘ಬೂಗಿ ವೂಗಿ ಬ್ಯೂಗಲ್ ಬಾಯ್’ ಹಾಡಿದ್ದಾರೆ. ಡಾನ್ ರೇ ಮತ್ತು ಹ್ಯೂಯಿ ಪ್ರಿನ್ಸ್ ಬರೆದ ಹಾಡು. ಆಸ್ಕರ್‌ಗೆ ನಾಮನಿರ್ದೇಶನ ಪಡೆಯಿತು. ಮೂರು ದಶಕದ ನಂತರ ಬೆಟ್ ಮಿಡ್ಲರ್ ಮತ್ತೆ ಹಾಡಿ ಮತ್ತೊಮ್ಮೆ ಹಿಟ್ ಮಾಡಿದಳು. ಸಾಹಿತ್ಯಕ್ಕೆ ಕಿವಿ ಕೊಟ್ಟು ಕೇಳಿ. ಅದು ಶಿಕಾಗೊದ ಒಬ್ಬ ಹೆಸರಾಂತ ತುತ್ತೂರಿ ವಾದಕನ ಕತೆ. ಕೀರ್ತಿಯ ತುದಿಯಲ್ಲಿರುವಾಗ ಅವನ ಡ್ರಾಫ್ಟ್ ನಂಬರ್ ಬರುತ್ತದೆ. ಈಗ ಬೆಳಗ್ಗೆ ಎದ್ದು ಸಿಪಾಯಿಗಳನ್ನು ಎಬ್ಬಿಸುವ ಕಹಳೆ ಊದುವುದೇ ಕೆಲಸ. ಜೊತೆಗೆ ಬ್ಯಾಂಡ್ ಇಲ್ಲದೆ ಅವನಿಗೆ ನುಡಿಸಲು ಆಗುವುದಿಲ್ಲ, ಕುಗ್ಗಿ ಹೋಗುತ್ತಾನೆ. ಕ್ಯಾಪ್ಟನ್‌ಗೆ ಅದು ಅರ್ಥವಾಗಿ, ಮರುದಿನ ಒಂದು ಇಡೀ ಬ್ಯಾಂಡನ್ನೇ ಡ್ರಾಫ್ಟ್ ಮಾಡಿಸುತ್ತಾನೆ! ಇಡೀ ಚಿತ್ರದಲ್ಲಿ ಡ್ರಾಫ್ಟಿನಿಂದ ಏನು ಕಳೆದುಹೋಗುತ್ತದೆ ಅಂತ ಬಾಯಿ ಬಿಟ್ಟು ಹೇಳುವುದು ಈ ಹಾಡು ಒಂದೇ. ಅದೂ ಕುಣಿಸುವ ತಾಳದಲ್ಲಿ ಹೇಳುತ್ತದೆ.

ಇನ್ನೊಂದು ವಿಷಯ ಕಣ್ಣಿಗೆ ಬೀಳಲಿ. ಬೂಗಿ-ವೂಗಿ ಕಪ್ಪು ಜನರ ಸಂಗೀತ. ಆದರೆ ಚಿತ್ರದ ಸಿಪಾಯಿಗಳ ಸಾಲಿನಲ್ಲಿ ಕಪ್ಪು ಜನ ಇಲ್ಲ. ಆಗಿನ ಅಮೆರಿಕದ ಸೈನ್ಯದಲ್ಲಿ ಅವರದ್ದು ಬೇರೆ ತುಕಡಿ, ಬೇರೆ ಬ್ಯಾರಕ್. ಅದನ್ನು ಕೊನೆಗಾಣಿಸುವ ಆದೇಶಕ್ಕೆ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ್ದು 1948ರಲ್ಲಿ. ಯಜಮಾನ-ಆಳು ಒಂದೇ ಸಾಲಿನಲ್ಲಿ ಅಂತ ಹೆಮ್ಮೆಪಡುವ ಚಿತ್ರಕ್ಕೆ ಈ ಗೋಡೆ ಕಾಣಿಸಲೇ ಇಲ್ಲ.

ಚಿತ್ರ ಭಾರಿ ಗೆದ್ದಿತು. ಯೂನಿವರ್ಸಲ್ ತಡಮಾಡಲಿಲ್ಲ. ಅದೇ 1941ರಲ್ಲಿ ಈ ಜೋಡಿಯನ್ನು ‘ಇನ್ ದ ನೇವಿ’ಯಲ್ಲಿ ನೌಕಾಪಡೆಗೂ, ‘ಕೀಪ್ ಎಮ್ ಫ್ಲೈಯಿಂಗ್’ನಲ್ಲಿ ವಾಯುಪಡೆಗೂ ಕಳಿಸಿತು. ಒಂದೇ ವರ್ಷದಲ್ಲಿ ಮೂರೂ ಪಡೆ ಮುಗಿಸಿದರು ಪುಣ್ಯಾತ್ಮರು. ಈ ನಗುವಿನ ನಡುವೆ ಶಿಬಿರಗಳಲ್ಲಿ ನಿಜವಾದ ಅಸಮಾಧಾನವೂ ಇತ್ತು. ಒಂದು ವರ್ಷ ಅಂತ ಹೇಳಿ ಕರೆದುಕೊಂಡು ಹೋದವರ ಅವಧಿಯನ್ನು ಆಗಸ್ಟ್‌ನಲ್ಲಿ ವಿಸ್ತರಿಸಿದರು. ಜನಪ್ರತಿನಿಧಿಗಳ ಸಭೆಯಲ್ಲಿ ಆ ಮಸೂದೆ ಗೆದ್ದದ್ದು 203-202, ಬರೀ ಒಂದು ಮತದಿಂದ. ‘ಅಕ್ಟೋಬರ್ ಬಂದರೆ ಓಡಿಹೋಗುತ್ತೇವೆ’ ಅಂತ ಸಿಪಾಯಿಗಳು ಬ್ಯಾರಕ್ ಗೋಡೆಗಳ ಮೇಲೆ ಗೀಚಿದರು. ಅದರ ಮೇಲೆ ಯಾವ ಕಂಪನಿಯೂ ಕಾಮಿಡಿ ತೆಗೆಯಲಿಲ್ಲ. ಡಿಸೆಂಬರ್‌ನಲ್ಲಿ ಆ ಚರ್ಚೆಯೇ ಮುಗಿದುಹೋಯಿತು.

ಯುದ್ಧದ ಒಳಗೇ ಹೋಗಿ ನಗಿಸಿದ ಚಿತ್ರ ಬೇಕೆಂದರೆ ಹಿಂದಕ್ಕೆ, 1918ಕ್ಕೆ ಹೋಗಬೇಕು. ಚಾಪ್ಲಿನ್‌ನ ‘ಶೋಲ್ಡರ್ ಆರ್ಮ್ಸ್’ ಬಂದದ್ದು ಆ ಅಕ್ಟೋಬರ್‌ನಲ್ಲಿ, ಮೊದಲ ಮಹಾಯುದ್ಧ ನಿಲ್ಲಲು ಕೆಲವೇ ವಾರ ಇದ್ದಾಗ. ಇದರಲ್ಲೂ ಕವಾಯತು ಬಾರದ, ಪಾದ ಅಗಲಿಸಿ ನಡೆಯುವ ಹೊಸ ಸಿಪಾಯಿ ಇದ್ದಾನೆ. ಆದರೆ ಶಿಬಿರ ಬೇಗ ಮುಗಿದು ಕಂದಕ ಬರುತ್ತದೆ. ನೀರು ತುಂಬಿದ ಕಂದಕದಲ್ಲಿ ಗ್ರಾಮಫೋನಿನ ಕೊಂಬಿನಿಂದ ಉಸಿರಾಡುತ್ತಾ ಮಲಗುತ್ತಾನೆ. ಮನೆಯಿಂದ ಅವನಿಗೆ ಕಾಗದ ಬರುವುದಿಲ್ಲ. ಇನ್ನೊಬ್ಬನ ಕಾಗದವನ್ನು ಭುಜದ ಮೇಲಿನಿಂದ ಇಣುಕಿ ಓದುತ್ತಾನೆ, ಅವನು ನಕ್ಕರೆ ನಗುತ್ತಾನೆ, ಅವನ ಮುಖ ಬಾಡಿದರೆ ಇವನದ್ದೂ ಬಾಡುತ್ತದೆ. ಇಂಥ ಒಂದು ಕ್ಷಣವೂ ‘ಬಕ್ ಪ್ರೈವೇಟ್ಸ್’ನಲ್ಲಿ ಇಲ್ಲ. ಕೊನೆಗೆ ಎಲ್ಲವೂ ಕನಸು ಅಂತ ಗೊತ್ತಾಗುತ್ತದೆ. ಆ ಹೊತ್ತಿಗೆ ಚಾಪ್ಲಿನ್ ಸೈನ್ಯ ಸೇರಲಿಲ್ಲ ಅಂತ ಕೆಲವರು ಆಡಿಕೊಳ್ಳುತ್ತಿದ್ದರು. ಕೀಟನ್ ಮಾತ್ರ ನಿಜವಾಗಿಯೂ ಡ್ರಾಫ್ಟ್ ಆಗಿ 1918ರಲ್ಲಿ ಫ್ರಾನ್ಸಿಗೆ ಹೋಗಿಬಂದವನು.

1973ರಲ್ಲಿ ಡ್ರಾಫ್ಟ್ ನಿಂತ ಮೇಲೆ ಈ ಬಗೆಯ ಕತೆಗೆ ಬೇರೆ ಬಾಗಿಲು ಹುಡುಕಬೇಕಾಯಿತು. 1980ರ ‘ಪ್ರೈವೇಟ್ ಬೆಂಜಮಿನ್’ನಲ್ಲಿ ಗೋಲ್ಡಿ ಹಾನ್ ಮಾಡಿದ ಪಾತ್ರ ಭರ್ತಿ ಅಧಿಕಾರಿಯ ಬಣ್ಣದ ಮಾತಿಗೆ ಮರುಳಾಗಿ ಸೇರುತ್ತಾಳೆ. 1981ರ ‘ಸ್ಟ್ರೈಪ್ಸ್’ನಲ್ಲಿ ಬಿಲ್ ಮರೇ ಕೆಲಸ, ಗೆಳತಿ, ಕಾರು ಎಲ್ಲ ಕಳೆದುಕೊಂಡು ಬೇರೆ ದಾರಿ ಕಾಣದೆ ಸೇರುತ್ತಾನೆ. ಇಬ್ಬರೂ ತಾವಾಗಿಯೇ ಸಹಿ ಹಾಕಿದವರು, ಹಾಗಾಗಿ ಬೈದುಕೊಳ್ಳಬೇಕಾದದ್ದೂ ತಮ್ಮನ್ನೇ.

ಮಗನ ಜೊತೆ ನೋಡಬಹುದಾ? ಧಾರಾಳವಾಗಿ. ಚಿತ್ರ 84 ನಿಮಿಷ. ರಕ್ತ ಇಲ್ಲ, ಕೆಟ್ಟ ಮಾತಿಲ್ಲ. ಜೂಜು ಇದೆ. ಒಂದು ಕಡೆ ಮಾತ್ರ ನೀವು ಬಾಯಿ ಹಾಕಬೇಕಾಗಬಹುದು. 40 ವರ್ಷದವನು 10 ವರ್ಷದ ಹುಡುಗಿಯನ್ನು ಪ್ರೀತಿಸಿದರೆ ಅಂತ ಆಬಟ್ ಒಂದು ಲೆಕ್ಕ ಶುರುಮಾಡುತ್ತಾನೆ. ಈಗ ಅವಳಿಗಿಂತ ನಾಲ್ಕು ಪಟ್ಟು ದೊಡ್ಡವನು, ಐದು ವರ್ಷ ಕಾದರೆ ಮೂರೇ ಪಟ್ಟು, ಇನ್ನೂ ಹದಿನೈದು ವರ್ಷ ಕಾದರೆ ಎರಡೇ ಪಟ್ಟು, ಹಾಗಾದರೆ ಇಬ್ಬರಿಗೂ ಒಂದೇ ವಯಸ್ಸಾಗಲು ಎಷ್ಟು ವರ್ಷ ಕಾಯಬೇಕು? ಗಣಿತವಾಗಿ ಇದು ಸೊಗಸಾದ ಮೋಸ, ಎಲ್ಲಿ ದಾರಿ ತಪ್ಪಿಸಿದ ಅಂತ ಮಗನಿಗೆ ಕೇಳಿ. ಆದರೆ ಆ ‘ಹತ್ತು ವರ್ಷದ ಹುಡುಗಿ’ ಅನ್ನುವುದು ಆಗಿನವರಿಗೆ ಬರೀ ಅಂಕಿಯಾಗಿತ್ತು, ನಮಗೆ ಹಾಗಲ್ಲ. ಕಾಸ್ಟೆಲೊ ಕೂಡ ಆ ದೃಶ್ಯದಲ್ಲಿ ಈ ಸಂಬಂಧವೇ ಬೇಡ ಅಂತ ಗಾಬರಿಯಾಗುತ್ತಾನೆ.

ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ, ಇವರ ಮಾತು ತುಂಬಾ ವೇಗ. ಪ್ರೇಮಕತೆ ಬೋರ್ ಹೊಡೆದರೆ ಓಡಿಸಿ, ಏನೂ ನಷ್ಟವಿಲ್ಲ. ಕವಾಯತನ್ನು ಮಾತ್ರ ಬಿಡಬೇಡಿ. ಅದು ಹಿಡಿಸಿದರೆ ಮುಂದೆ ‘ಕಾಟ್ ಇನ್ ದ ಡ್ರಾಫ್ಟ್’ ನೋಡಬಹುದು, ಬಾಬ್ ಹೋಪ್ ಮಾತಿನ ಮಲ್ಲ. ‘ಶೋಲ್ಡರ್ ಆರ್ಮ್ಸ್’ ಮೂಕಿ ಚಿತ್ರ, ಮುಕ್ಕಾಲು ಗಂಟೆಯ ಆಸುಪಾಸು ಅಷ್ಟೇ. ಭಾಷೆಯ ತೊಡಕೂ ಇಲ್ಲ, ತಂದೆಯವರನ್ನೂ ಕೂರಿಸಿಕೊಳ್ಳಿ. ಅವರಿಗೆ ಆ ಪೊಲೀಸನ ಮುಂದಿನ ಕತೆ ಬೇಕಿದ್ದರೆ 1947ರಲ್ಲಿ ಬಂದ ‘ಬಕ್ ಪ್ರೈವೇಟ್ಸ್ ಕಮ್ ಹೋಮ್’ ಇದೆ. ಯುದ್ಧ ಮುಗಿದು ಎಲ್ಲರೂ ಊರಿಗೆ ಬಂದಿದ್ದಾರೆ, ಸಾರ್ಜೆಂಟ್ ಮತ್ತೆ ಪೊಲೀಸ್ ಆಗಿದ್ದಾನೆ, ಇವರಿಬ್ಬರು ಮತ್ತೆ ಬೀದಿಯಲ್ಲಿ ಟೈ ಮಾರುತ್ತಿದ್ದಾರೆ.